ಮೈಕ್ರೋಕಂಟ್ರೋಲರಿನ ಕ್ರಮವಿಧಿಗಳಲ್ಲಿ ನಾಮವ್ಯವಸ್ಥೆಯೂ ಕಾಲವ್ಯವಸ್ಥೆಯೂ

ಯಂತ್ರವನ್ನು ನಡೆಸುವ ಬರಹವೂ ಬರಹವೇ ಆದುದರಿಂದ ಅದಕ್ಕೂ ಗುಣದೋಷವಿಚಾರವು ಸಲ್ಲತಕ್ಕದ್ದು. ಶಾಸ್ತ್ರಗ್ರಂಥವೊಂದನ್ನು ಪರಿಶೀಲಿಸುವವರು ಅದರ ಸಂಜ್ಞೆಗಳು ಅಸಂದಿಗ್ಧವಾಗಿವೆಯೆ, ಪ್ರಕರಣಗಳಿಗೆ ಸಂಗತಿಯುಂಟೆ, ಒಂದು ವಿಧಿಯ ನಡುವೆ ಮತ್ತೊಂದು ಬಂದೊದಗಿದಾಗ ಯಾವುದಕ್ಕೆ ಪ್ರಾಬಲ್ಯವೆಂಬುದು ನಿರ್ಣೀತವಾಗಿದೆಯೆ ಎಂಬಿವನ್ನು ಹೇಗೆ ನೋಡುವರೋ, ಮೈಕ್ರೋಕಂಟ್ರೋಲರ್ ಎಂಬ ಕಿರುಗಣಕಕ್ಕಾಗಿ ರಚಿತವಾಗುವ ಕ್ರಮವಿಧಿಗಳನ್ನೂ ಹಾಗೆಯೇ ನೋಡಬಹುದಾಗಿದೆ. ಇಂಥ ಕ್ರಮವಿಧಿಗಳನ್ನು ಬರೆಯುವವರಲ್ಲಿ ಈಚೆಗೆ ಒಂದು ಅಭಿಪ್ರಾಯವು ಬಹಳ ಮಟ್ಟಿಗೆ ರೂಢವಾಗಿದೆ. ಚದರಿಹೋಗಿರುವ ಕ್ರಿಯೆಗಳನ್ನೆಲ್ಲ ಕ್ಲಾಸುಗಳಲ್ಲಿ ಅಡಕಮಾಡಿ, ಹೆಸರುಗಳಿಗೆ ನೇಮ್‌ಸ್ಪೇಸ್ ಎಂಬ ಬೇಲಿಯನ್ನು ಕಟ್ಟಿ, ಇಂಟರಪ್ಟುಗಳನ್ನೂ ಆಯಾ ಕ್ಲಾಸಿನೊಳಕ್ಕೆ ಸೇರಿಸಿಬಿಟ್ಟಲ್ಲಿ ಕೃತಿಯು ಸುವ್ಯವಸ್ಥಿತವಾಯಿತೆಂಬುದೇ ಆ ಅಭಿಪ್ರಾಯವು. ಇದರಲ್ಲಿ ಮೊದಲೆರಡು ಅಂಶಗಳು ಬಹುಮಟ್ಟಿಗೆ ಸಾಧುವಾದುವು. ಮೂರನೆಯದು ಮಾತ್ರ ಹೆಸರಿಗೆ ಸಂಬಂಧಿಸಿದ ಉಪಾಯದಿಂದ ಕಾಲಕ್ಕೆ ಸಂಬಂಧಿಸಿದ ತೊಡಕನ್ನು ಬಿಡಿಸಿದಂತಾಯಿತೆಂಬ ಭ್ರಾಂತಿಯನ್ನು ಹುಟ್ಟಿಸುವುದು.

ವಿಚಾರಕ್ಕೆ ಆಧಾರವಾಗಿ ಆರ್ಡುಯಿನೋ ಸಂಚಯದ ಎರಡು ಕೃತಿಗಳನ್ನು ಇಲ್ಲಿ ತೆಗೆದುಕೊಳ್ಳಲಾಗಿದೆ. ಆರ್ಡುಯಿನೋ ಎಂಬುದು ೨೦೦೫ರಲ್ಲಿ ಇಟಲಿಯ ಇವ್ರೆಯಾ ನಗರದ ವಿನ್ಯಾಸವಿದ್ಯಾಲಯದಲ್ಲಿ ಹುಟ್ಟಿದ್ದು. ಅದೇ ವಿದ್ಯಾಲಯದಲ್ಲಿ ೨೦೦೩ರಲ್ಲಿ ಎರ್ನಾಂಡೊ ಬರಗಾನ್ ಎಂಬವರು ಪ್ರಾರಂಭಿಸಿದ್ದ ವೈರಿಂಗ್ ಎಂಬುದರ ಜಾಡಿನಲ್ಲಿ ಬೆಳೆದದ್ದು. ಅದರ ಊನೋ ಎಂಬ ಪ್ರಸಿದ್ಧ ಫಲಕದಲ್ಲಿರುವ ಎಟಿಮೆಗಾ ೩೨೮ಪಿ ಎಂಬ ಚಿಪ್‌ಗೆ ಕ್ರಮವಿಧಿಯನ್ನಿಡಲು ೩೨ ಕಿಲೋಬೈಟುಗಳೂ, ಚಲವಾದ ದತ್ತವನ್ನಿಡಲು ಕೇವಲ ೨ ಕಿಲೋಬೈಟುಗಳೂ ಉಂಟು. ಸೆಕೆಂಡಿಗೆ ೧ ಕೋಟಿ ೬೦ ಲಕ್ಷ ಸ್ಪಂದಗಳ ಗಡಿಯಾರದಿಂದ ಅದು ನಡೆಯುವುದು. ವಿಮರ್ಶೆಗೆ ವಿಷಯವಾದ ಕೃತಿಗಳಲ್ಲಿ ಹಾರ್ಡ್‌ವೇರ್‌ಸೀರಿಯಲ್ ಎಂಬುದೊಂದು, ಸಾಫ್ಟ್‌ವೇರ್‌ಸೀರಿಯಲ್ ಎಂಬುದಿನ್ನೊಂದು. ಎರಡರ ಕೆಲಸವೂ ಒಂದೇ: ತಂತಿಯ ಮೇಲೆ ಒಂದರ ಹಿಂದೊಂದಾಗಿ ಬರುವ ಬಿಟ್‌ಗಳನ್ನು ಅಕ್ಷರಗಳಾಗಿ ಕೂಡಿಸುವುದು, ಅಕ್ಷರಗಳನ್ನು ಬಿಟ್‌ಗಳಾಗಿ ಬಿಡಿಸಿ ಕಳುಹಿಸುವುದು. ಮೊದಲನೆಯದಕ್ಕೆ ಚಿಪ್‌ನೊಳಗಣ ಯುಎಸ್‌ಎಆರ್‌ಟಿ ಎಂಬ ಅಂಗದ ಸಹಾಯವುಂಟು. ಎರಡನೆಯದು ಅಂಥ ಅಂಗವಿಲ್ಲದ ಕಾಲುಗಳ ಮೇಲೆ ಅದೇ ಕೆಲಸವನ್ನು ತಾನೇ ಕಾಲವನ್ನೆಣಿಸುತ್ತ ಮಾಡುವುದು. ಮೊದಲು ನ್ಯೂಸಾಫ್ಟ್‌ಸೀರಿಯಲ್ ಎಂಬ ಹೆಸರಿನಿಂದ ಬೇರೆಯಾಗಿದ್ದು ೨೦೧೧ರಲ್ಲಿ ಹೊರಟ ಆರ್ಡುಯಿನೋ ೧.೦ರಲ್ಲಿ ಸೇರಿತು. ಎರಡರ ಮೂಲಪಾಠವೂ ಬಹಿರಂಗವಾಗಿದ್ದು ಯಾರು ಬೇಕಾದರೂ ಓದಬಹುದಾಗಿದೆ.

ಪರಿಭಾಷೆಯನ್ನು ಕುರಿತು ಒಂದು ಮಾತು. ಕ್ಲಾಸನ್ನು ವರ್ಗವೆಂದೂ, ಅದಕ್ಕೆ ಸೇರಿದ ಆಬ್ಜೆಕ್ಟನ್ನು ವ್ಯಕ್ತಿಯೆಂದೂ, ನೇಮ್‌ಸ್ಪೇಸನ್ನು ನಾಮಕ್ಷೇತ್ರವೆಂದೂ, ಫಂಕ್ಷನನ್ನು ಕ್ರಿಯೆಯೆಂದೂ ಮುಂದೆ ಕರೆಯಲಾಗುವುದು. ಇಂಟರಪ್ಟ್ ಎಂಬುದಕ್ಕೆ ವ್ಯವಧಾನವೆಂಬ ಶಬ್ದವು ಶಾಸ್ತ್ರದೃಷ್ಟಿಯಿಂದ ಸಮಂಜಸವೇ. ಆದರೆ ಕನ್ನಡದಲ್ಲಿ ಆ ಶಬ್ದವು ಬಿಡುವು, ತಾಳ್ಮೆ ಎಂಬರ್ಥಕ್ಕೆ ತಿರುಗಿಕೊಂಡು, ಹೇಳಬೇಕಾದುದಕ್ಕೆ ನೇರ ವಿರುದ್ಧವಾದುದನ್ನೇ ಸೂಚಿಸುವುದರಿಂದ ಇಂಟರಪ್ಟ್ ಎಂಬ ರೂಪವನ್ನೇ ಉಳಿಸಿಕೊಂಡಿದೆ.

ನಾಮಕ್ಷೇತ್ರದ ಪ್ರಯೋಜನವನ್ನು ಶಾಸ್ತ್ರಪರಿಚಯವುಳ್ಳವರಿಗೆ ಬಹಳವಾಗಿ ವಿವರಿಸಬೇಕಾದುದಿಲ್ಲ. ಗುಣವೆಂದರೆ ವೈಯಾಕರಣನಿಗೆ ಅ, ಏ, ಓ ಎಂಬ ಮೂರು ಸ್ವರಗಳು. ಸಾಂಖ್ಯನಿಗೆ ಸತ್ತ್ವ ರಜಸ್ ತಮಸ್ಸುಗಳು. ವೈಶೇಷಿಕನಿಗೆ ಪ್ರಶಸ್ತಪಾದರ ಎಣಿಕೆಯಂತೆ ರೂಪರಸಾದಿಗಳಾದ ೨೪. ಆಲಂಕಾರಿಕನಿಗೆ ಮಾಧುರ್ಯ ಪ್ರಸಾದಾದಿಗಳು. ಒಂದೇ ಶಬ್ದವು ನಾಲ್ಕು ಶಾಸ್ತ್ರಗಳಲ್ಲಿ ನಾಲ್ಕಾಗಿದ್ದರೂ ಕಲಹವಿಲ್ಲದಿರುವುದು ಆಯಾ ಶಾಸ್ತ್ರದ ಎಲ್ಲೆಯೊಳಗೆ ಅದರ ಅರ್ಥವು ನಿಯತವಾಗಿರುವುದರಿಂದ. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಈ ಎಲ್ಲೆಯನ್ನು ಬರಹದಲ್ಲಿಯೇ ಗುರುತಿಸುವ ಸೌಕರ್ಯವುಂಟು. ಬ್ಯಾರ್ನೆ ಸ್ಟ್ರೌಸ್ಟ್ರುಪ್ ಎಂಬವರು ೧೯೭೯ರಲ್ಲಿ ಆ ಭಾಷೆಯ ಕೆಲಸಕ್ಕೆ ತೊಡಗಿದಾಗ ಸಿಮುಲಾ ಭಾಷೆಯಿಂದ ವರ್ಗವನ್ನು ಮೊದಲು ತಂದರು. ನಾಮಕ್ಷೇತ್ರವು ತಡವಾಗಿ ಬಂದು ೧೯೯೮ರ ಪ್ರಮಾಣಗ್ರಂಥದಲ್ಲಿ ಸ್ಥಿರವಾಯಿತು. ಇದರಿಂದ ಯಂತ್ರದ ಸ್ಮೃತಿಯಲ್ಲಿ ಒಂದು ಬೈಟಿನಷ್ಟೂ ವೆಚ್ಚವಿಲ್ಲ. ಊನೋವಿನಂಥ ದರಿದ್ರಯಂತ್ರಕ್ಕೆ ಇದು ಅಲ್ಪವಾದ ಲಾಭವಲ್ಲ.

ಆದರೆ ಆರ್ಡುಯಿನೋ ಸಂಚಯದಲ್ಲಿ ಈ ಬೇಲಿಗೆ ಎರಡು ಕಡೆ ಕಂಡಿಯುಂಟು. ಮೊದಲನೆಯದು ಮ್ಯಾಕ್ರೋ. ಇದು ಅರ್ಥವನ್ನು ನೋಡದೆ ರೂಪವನ್ನು ಮಾತ್ರ ನೋಡಿ, ಭಾಷೆಯ ವಿಚಾರವು ಮೊದಲಾಗುವುದಕ್ಕಿಂತ ಮುಂಚೆಯೇ ನಡೆದುಹೋಗುವ ಆದೇಶವು. ಸಂಚಯದ ಶಿರೋಲೇಖದಲ್ಲಿ ಬಿ೦, ಬಿ೧ ಮುಂತಾದ ಹೆಸರುಗಳಿಗೆಲ್ಲ ಸಂಖ್ಯೆಗಳು ಆದೇಶವಾಗಿ ವಿಹಿತವಾಗಿವೆ. ಒಬ್ಬನು ತನ್ನ ನಾಮಕ್ಷೇತ್ರದೊಳಗೆ ಕಾಲುಗಳಿಗೆ ಬಿ೦, ಬಿ೧ ಎಂದು ಹೆಸರಿಟ್ಟನೆನ್ನಿ. ಅವು ಕಂಪೈಲರಿನ ಕಣ್ಣಿಗೆ ಬೀಳುವ ವೇಳೆಗೆ ೦, ೧ ಎಂಬ ಸಂಖ್ಯೆಗಳಾಗಿ ಹೋಗಿರುತ್ತವೆ. ಹೆಸರಿಲ್ಲದೆ ಹೋದ ಮೇಲೆ ನಾಮಕ್ಷೇತ್ರವು ಯಾವುದನ್ನು ಕಾಪಾಡೀತು? ಎರಡನೆಯ ಕಂಡಿಯು ಇಂಟರಪ್ಟಿನದು. ೩೨೮ಪಿ ಚಿಪ್‌ನಲ್ಲಿ ಪುನರಾರಂಭವೂ ಸೇರಿ ೨೬ ನಿಮಿತ್ತಗಳಿಗೆ ಒಂದೊಂದು ಸ್ಥಾನವು ಕೋಷ್ಟಕದಲ್ಲಿ ನಿಯತವಾಗಿದ್ದು, ಪ್ರತಿಯೊಂದು ಸ್ಥಾನಕ್ಕೂ ಕೃತಿಯಾದ್ಯಂತ ಒಂದೇ ಹೆಸರು ಇರುವುದು. ಇಂಟರಪ್ಟಿನ ಕ್ರಿಯೆಯನ್ನು ಐಎಸ್‌ಆರ್ ಎಂಬ ಮ್ಯಾಕ್ರೋವಿನಿಂದ ಬರೆದಾಗ ಅದು ಹಳೆಯ ಸಿ ಭಾಷೆಯ ನಾಮರೀತಿಯನ್ನು ತಳೆಯುವುದರಿಂದ, ಯಾವ ನಾಮಕ್ಷೇತ್ರದೊಳಗೆ ಕುಳಿತು ಬರೆದರೂ ಹೆಸರು ಬೇಲಿಯನ್ನು ದಾಟಿ ಬಯಲಿಗೇ ಬರುವುದು. ವರ್ಗದ ಒಡಲಲ್ಲಿಯಂತೂ ಅದನ್ನು ಬರೆಯಲು ಭಾಷೆಯೇ ಬಿಡದು.

ಇನ್ನು ವರ್ಗದ ವಿಚಾರ. ಉದಯನಾಚಾರ್ಯರು ಎಣಿಸಿರುವ ಆರು ಜಾತಿಬಾಧಕಗಳಲ್ಲಿ ಮೊದಲನೆಯದು ವ್ಯಕ್ತಿಯು ಒಂದೇ ಆಗಿರುವಿಕೆ. ಆಕಾಶವು ಒಂದೇ ಆದುದರಿಂದ ಆಕಾಶತ್ವವೆಂಬ ಜಾತಿಯನ್ನು ನೈಯಾಯಿಕರು ಒಪ್ಪುವುದಿಲ್ಲ. ಕಿರುಗಣಕದ ಕೃತಿಕಾರರು ಈ ಒಂದು ವಿವೇಕವನ್ನು ಇಟ್ಟುಕೊಂಡಿದ್ದರೆ ಎಷ್ಟೋ ನಿರರ್ಥಕ ವರ್ಗಗಳು ಹುಟ್ಟುತ್ತಿರಲಿಲ್ಲ. ಚಿಪ್‌ನಲ್ಲಿ ಒಂದೇ ಒಂದು ಇರುವ ಅಂಗಕ್ಕೆ ವರ್ಗವನ್ನು ಕಲ್ಪಿಸಿ, ಅದಕ್ಕೆ ಎರಡನೆಯ ವ್ಯಕ್ತಿಯು ಹುಟ್ಟದಂತೆ ಕಾವಲಿಟ್ಟು, ಆ ಏಕೈಕವ್ಯಕ್ತಿಯನ್ನು ಎಲ್ಲ ಕಡೆಯಿಂದಲೂ ಕರೆಯಲು ಮತ್ತೊಂದು ಉಪಾಯವನ್ನು ಹೂಡುವುದು ಗೌರವದೋಷವು. ಅಲ್ಲಿ ನಾಮಕ್ಷೇತ್ರವೂ ಅದರೊಳಗಣ ಬಿಡಿಕ್ರಿಯೆಗಳೂ ಸಾಕು. ಹಾರ್ಡ್‌ವೇರ್‌ಸೀರಿಯಲ್ ವರ್ಗದ ಮೇಲೆ ಈ ಆಕ್ಷೇಪವು ನಿಲ್ಲುವುದಿಲ್ಲ. ಊನೋವಿನಲ್ಲಿ ಆ ಅಂಗವು ಒಂದೇ ಆದರೂ ಮೆಗಾ ೨೫೬೦ ಎಂಬ ಹಿರಿಯ ಫಲಕದಲ್ಲಿ ನಾಲ್ಕುಂಟು. ಒಂದೇ ವರ್ಗಕ್ಕೆ ನಾಲ್ಕು ವ್ಯಕ್ತಿಗಳು, ಪ್ರತಿಯೊಂದಕ್ಕೂ ತನ್ನದೇ ಆದ ೬೪ ಬೈಟುಗಳ ಸಂಗ್ರಹಗಳು. ಇಲ್ಲಿ ವರ್ಗವು ವಸ್ತುವನ್ನು ಅನುಸರಿಸಿ ಬಂದುದು. ವರ್ಗವೆಂದರೆ ಭಾರ, ಕಿರುಯಂತ್ರಕ್ಕೆ ತಗದು ಎಂಬ ಹಳಬರ ಆಕ್ಷೇಪದಲ್ಲಿಯೂ ಹೆಚ್ಚು ಹುರುಳಿಲ್ಲ. ವರ್ಚುಯಲ್ ಕ್ರಿಯೆಗಳ ಕೋಷ್ಟಕವು ಈ ಜಾತಿಯ ಚಿಪ್‌ಗಳಲ್ಲಿ ಆ ೨ ಕಿಲೋಬೈಟುಗಳಲ್ಲಿಯೇ ಜಾಗ ಹಿಡಿಯುವುದೆಂಬುದು ನಿಜ. ಅದನ್ನು ಬಿಟ್ಟರೆ ವರ್ಗದ ಕ್ರಿಯೆಗೂ ಬಿಡಿಕ್ರಿಯೆಗೂ ಭೇದವು ಒಂದು ಗುಪ್ತವಾದ ಕರ್ತೃಪದ ಮಾತ್ರ.

ಆ ಗುಪ್ತಪದದಲ್ಲಿಯೇ ತೊಡಕು ಇರುವುದು. ಇಂಟರಪ್ಟ್ ಎಂಬುದು ನೈಮಿತ್ತಿಕವಿಧಿ. ದರ್ಶಪೂರ್ಣಮಾಸವು ನಡೆಯುತ್ತಿರುವಾಗ ಪಾತ್ರೆಯು ಒಡೆದರೆ ಹೋಮವೊಂದು ವಿಹಿತವಾಗಿದೆ. ಅದನ್ನು ಮುಗಿಸಿ ಕರ್ಮವು ನಿಂತಲ್ಲಿಂದ ಮುಂದುವರಿಯಬೇಕು. ಹಾಗೆಯೇ ಲೂಪ್ ಎಂಬ ನಿತ್ಯಕರ್ಮವು ಸುತ್ತುತ್ತಿರುವಾಗ ಅಕ್ಷರವೊಂದು ಬಂದರೆ, ಚಿಪ್ ಕೈಯಲ್ಲಿದ್ದುದನ್ನು ನಿಲ್ಲಿಸಿ ಕೋಷ್ಟಕದ ಸ್ಥಾನಕ್ಕೆ ಹಾರಿ, ಅಲ್ಲಿ ವಿಧಿಸಿದ್ದನ್ನು ಮಾಡಿ ಮರಳಿ ಬರುವುದು. ಹೀಗೆ ಹಾರುವಾಗ ಅದು ಯಾವ ವ್ಯಕ್ತಿಗಾಗಿ ಬಂದೆನೆಂಬುದನ್ನು ಹೇಳುವುದಿಲ್ಲ. ವರ್ಗದ ಕ್ರಿಯೆಯೋ, ದಿಸ್ ಎಂಬ ಗುಪ್ತವಾದ ಕರ್ತೃವನ್ನು ಕೇಳುವುದು. ಕರ್ತೃವಿಲ್ಲದ ಕರೆಗೆ ಕರ್ತೃವನ್ನು ಅಪೇಕ್ಷಿಸುವ ಕ್ರಿಯಾಪದವು ಹೊಂದಿಕೊಳ್ಳಬೇಕಾದರೆ ಅಧ್ಯಾಹಾರವು ಬೇಕು. ಎರಡು ಕೃತಿಗಳೂ ಈ ಅಧ್ಯಾಹಾರವನ್ನು ಎರಡು ಬಗೆಯಾಗಿ ಮಾಡಿರುವುದೇ ಅವುಗಳ ಸ್ವಭಾವವನ್ನು ತೋರಿಸುವುದು.

ಹಾರ್ಡ್‌ವೇರ್‌ಸೀರಿಯಲಿನ ಕರ್ತನು ಪ್ರತಿ ಅಂಗಕ್ಕೂ ಬೇರೆಬೇರೆ ಕಡತವನ್ನಿಟ್ಟು, ಅದರಲ್ಲಿ ಆ ಅಂಗದ ಇಂಟರಪ್ಟನ್ನು ಬರೆದು, ಅಲ್ಲಿಂದ ಇಂಥ ವ್ಯಕ್ತಿಯ ಇಂಥ ಕ್ರಿಯೆಯೆಂದು ಹೆಸರು ಹಿಡಿದೇ ಕರೆದಿದ್ದಾನೆ. ಹಿಂದಿನ ಪಾಠದಲ್ಲಿ ಎಲ್ಲವೂ ಒಂದೇ ಕಡತದಲ್ಲಿದ್ದವು; ಒಂದು ಅಂಗವನ್ನು ಬಳಸಿದರೂ ಕಡತವೆಲ್ಲ ಕೃತಿಗೆ ಅಂಟಿಕೊಂಡು ಬರುತ್ತಿತ್ತಾದುದರಿಂದ ಹೊಸ ಪಾಠದ ವಿಭಾಗವು ಮೆಚ್ಚತಕ್ಕದ್ದೇ. ಆದರೆ ಹೊರಗಣ ಇಂಟರಪ್ಟು ವರ್ಗದೊಳಗಣ ಕ್ರಿಯೆಯನ್ನು ಕರೆಯಬೇಕಾದುದರಿಂದ ಆ ಕ್ರಿಯೆಯನ್ನು ಎಲ್ಲರಿಗೂ ತೆರೆದಿಡಬೇಕಾಯಿತು. ಹೊರಗಿನವರು ಕರೆಯತಕ್ಕದ್ದಲ್ಲವೆಂಬ ನಿಷೇಧವನ್ನು ಭಾಷೆಯಿಂದ ಮಾಡದೆ ಟಿಪ್ಪಣಿಯಿಂದ ಮಾಡಿದ್ದಾರೆ. ಗುಟ್ಟನ್ನು ಕಾಯಲೆಂದು ಕಟ್ಟಿದ ಮನೆಯಲ್ಲಿ ಮುಂಬಾಗಿಲನ್ನು ತೆರೆದಿಟ್ಟು ಒಳಗೆ ಬರಬೇಡಿರೆಂದು ಚೀಟಿಯನ್ನು ಅಂಟಿಸಿದಂತಾಯಿತು. ಆದರೂ ಇಲ್ಲಿ ಕರ್ತೃವು ನಿಶ್ಚಿತನಾಗಿರುವುದರಿಂದ ಸಂದೇಹಕ್ಕೆ ಆಸ್ಪದವಿಲ್ಲ.

ಸಾಫ್ಟ್‌ವೇರ್‌ಸೀರಿಯಲಿನಲ್ಲಿ ಸಕ್ರಿಯವ್ಯಕ್ತಿಯನ್ನು ತೋರಿಸುವ ಒಂದು ಸ್ಟ್ಯಾಟಿಕ್ ಸೂಚಕವುಂಟು. ಕಾಲಿನ ಸ್ಥಿತಿ ಬದಲಾದಾಗ ಬರುವ ಇಂಟರಪ್ಟು, ಆ ಸೂಚಕವು ಯಾರನ್ನು ತೋರಿಸುತ್ತಿದೆಯೋ ಅವರನ್ನು ಕರೆಯುವುದು. ಓದಲು ಸುಂದರವಾದ ರಚನೆಯೇ. ಆದರೆ ವರ್ಗದ ಒಳಹೊಕ್ಕು ನೋಡಿದರೆ ಬಂದ ಅಕ್ಷರಗಳನ್ನಿಡುವ ೬೪ ಬೈಟುಗಳ ಸಂಗ್ರಹವೂ ಸ್ಟ್ಯಾಟಿಕ್ಕೇ. ಎಂದರೆ ವ್ಯಕ್ತಿಗಳೆಷ್ಟಿದ್ದರೂ ಸಂಗ್ರಹವು ಒಂದೇ. ಒಬ್ಬನು ಎರಡು ಯಂತ್ರಗಳ ಮಾತನ್ನು ಕೇಳಬೇಕೆಂದು ಈ ವರ್ಗದ ಎರಡು ವ್ಯಕ್ತಿಗಳನ್ನು ಸೃಷ್ಟಿಸಬಹುದು, ಬೇರೆಬೇರೆ ಹೆಸರಿಡಬಹುದು, ಕಂಪೈಲರು ಏನೂ ಅಡ್ಡಿಮಾಡದು. ಆದರೆ ಕೇಳುವ ಕಿವಿ ಒಂದೇ. ಎರಡನೆಯ ವ್ಯಕ್ತಿಗೆ ಕೇಳೆಂದು ಆಜ್ಞಾಪಿಸಿದ ಕೂಡಲೆ ಮೊದಲನೆಯವನಿಗಾಗಿ ಬಂದು ಇನ್ನೂ ಓದದೆ ಉಳಿದಿದ್ದ ಅಕ್ಷರಗಳೆಲ್ಲ ತೊಡೆದುಹೋಗುವುವು. ಏಕಕಾಲದಲ್ಲಿ ಒಬ್ಬನೇ ಕೇಳಬಲ್ಲನೆಂದು ಕೃತಿಯ ಉಪಯೋಗಸೂಚಿಯಲ್ಲಿ ಹೇಳಿರುವುದು ನ್ಯಾಯವೇ. ಆದರೆ ವರ್ಗದ ಆಕಾರವು ಸಾರುವುದು ಅದಲ್ಲ. ವ್ಯಕ್ತಿಬಹುತ್ವವನ್ನು ರೂಪದಿಂದ ಒಪ್ಪಿ ಕಾರ್ಯದಿಂದ ನಿರಾಕರಿಸಿದ ಕೃತಿಯಿದು. ಉದಯನರ ಬಾಧಕವು ಇಲ್ಲಿ ಸರಿಯಾಗಿ ತಾಗುವುದು: ಕೇಳುವಿಕೆಯ ಮಟ್ಟಿಗೆ ಇದು ವರ್ಗವಲ್ಲ, ವರ್ಗದ ವೇಷವನ್ನು ಹಾಕಿಕೊಂಡ ನಾಮಕ್ಷೇತ್ರವು.

ಇಷ್ಟರ ಮಟ್ಟಿಗೆ ದೋಷಗಳು ಹೆಸರಿನವೇ. ಕಾಲದ ದೋಷಗಳು ಇವಕ್ಕಿಂತ ಕಠಿನವಾದುವು. ಏಕೆಂದರೆ ಅವು ಪಾಠದಲ್ಲಿ ಕಾಣಬರುವುದಿಲ್ಲ. ಸಂಚಯದಲ್ಲಿ ಮಿಲ್ಲಿಸ್ ಎಂಬ ಕ್ರಿಯೆಯು ಯಂತ್ರವು ಎದ್ದಂದಿನಿಂದ ಸಂದ ಮಿಲಿಸೆಕೆಂಡುಗಳನ್ನು ಹೇಳುವುದು. ಆ ಎಣಿಕೆಯು ನಾಲ್ಕು ಬೈಟುಗಳ ಸಂಖ್ಯೆ; ಪ್ರತಿ ೧.೦೨೪ ಮಿಲಿಸೆಕೆಂಡಿಗೊಮ್ಮೆ ಬರುವ ಇಂಟರಪ್ಟು ಅದನ್ನು ಹೆಚ್ಚಿಸುವುದು. ೩೨೮ಪಿ ಒಂದು ಸಲಕ್ಕೆ ಒಂದು ಬೈಟನ್ನು ಮಾತ್ರ ಓದಬಲ್ಲುದು. ಎಣಿಕೆಯು ೨೫೫ ಆಗಿರುವಾಗ ಕೆಳಗಣ ಬೈಟನ್ನು ಓದಿ ೨೫೫ ಎಂದು ಹಿಡಿದಾಯಿತು. ಅಷ್ಟರಲ್ಲಿ ಇಂಟರಪ್ಟು ಬಂದು ಎಣಿಕೆಯನ್ನು ೨೫೬ ಮಾಡಿತು. ಆಮೇಲೆ ಮೇಲಣ ಬೈಟನ್ನು ಓದಿದರೆ ಅಲ್ಲಿ ೧ ಇರುವುದು. ಎರಡನ್ನೂ ಕೂಡಿಸಿದರೆ ೫೧೧. ಈ ಸಂಖ್ಯೆಯು ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಇದನ್ನು ಅರಿತೇ ಮಿಲ್ಲಿಸಿನ ಕರ್ತೃಗಳು ಇಂಟರಪ್ಟುಗಳನ್ನು ಮುಚ್ಚಿ, ಎಣಿಕೆಯನ್ನು ನಕಲುಮಾಡಿಕೊಂಡು, ಇದ್ದ ಸ್ಥಿತಿಗೆ ತಿರುಗಿ ತಂದಿದ್ದಾರೆ. ವಾಲಟೈಲ್ ಎಂಬ ವಿಶೇಷಣವನ್ನು ಹಚ್ಚಿದರೆ ಸಾಕೆಂದು ತಿಳಿದವರು ಬಹುಮಂದಿ. ಆ ವಿಶೇಷಣವು ಪ್ರತಿಸಲವೂ ಸ್ಮೃತಿಯಿಂದಲೇ ಓದೆಂದು ಕಂಪೈಲರಿಗೆ ಹೇಳುವುದೇ ಹೊರತು ಒಡೆಯದಂತೆ ಓದೆಂದು ಹೇಳುವುದಿಲ್ಲ. ೨೦೨೩ರಲ್ಲಿ ಹೊರಟ ಊನೋ ಆರ್೪ ಫಲಕದ ೩೨ ಬಿಟ್ಟಿನ ಚಿಪ್ ನಾಲ್ಕು ಬೈಟುಗಳನ್ನು ಒಟ್ಟಿಗೆ ಓದುವುದರಿಂದ ಈ ನಿರ್ದಿಷ್ಟವಾದ ಅಪಾಯವು ಅಲ್ಲಿಲ್ಲ. ಆದರೆ ಓದಿ, ಕೂಡಿಸಿ, ಬರೆಯುವ ಮೂರು ಮೆಟ್ಟಿಲುಗಳ ನಡುವೆ ಇಂಟರಪ್ಟು ನುಗ್ಗುವ ಅಪಾಯವು ಅಲ್ಲಿಯೂ ಇದ್ದೇ ಇದೆ. ಎಣಿಕೆಯನ್ನು ವರ್ಗದೊಳಗೆ ಗುಟ್ಟಾಗಿ ಇಟ್ಟಿದ್ದರೆ ೫೧೧ ತಪ್ಪುತ್ತಿತ್ತೆ? ಇಲ್ಲ. ತಪ್ಪಿದ್ದು ಮುಚ್ಚಿ ತೆರೆದ ಆ ಕ್ಷಣದಿಂದ.

ಹಾರ್ಡ್‌ವೇರ್‌ಸೀರಿಯಲಿನ ನಿಜವಾದ ಹಿರಿಮೆಯು ಈ ಸ್ಥಳದಲ್ಲಿದೆ. ಅದರ ಸಂಗ್ರಹವು ಚಕ್ರಾಕಾರ. ಬಂದುದನ್ನು ಸೇರಿಸುವ ಸ್ಥಾನಕ್ಕೊಂದು ಗುರುತು, ತೆಗೆಯುವ ಸ್ಥಾನಕ್ಕೊಂದು ಗುರುತು, ಎರಡೂ ಒಂದೊಂದೇ ಬೈಟು. ಅಕ್ಷರಗಳು ಬರುತ್ತಿರುವಾಗ ಮೊದಲನೆಯದನ್ನು ಮುಂದೆ ಸರಿಸುವುದು ಇಂಟರಪ್ಟು ಮಾತ್ರ. ಎರಡನೆಯದನ್ನು ಸರಿಸುವುದು ಓದುವ ಕ್ರಿಯೆ ಮಾತ್ರ. ಒಂದನ್ನು ಇಬ್ಬರು ಬರೆಯುವುದಿಲ್ಲವಾದುದರಿಂದಲೂ ಬೈಟು ಒಡೆಯಲಾರದಾದುದರಿಂದಲೂ ಇಲ್ಲಿ ಬಾಗಿಲು ಮುಚ್ಚುವ ಪ್ರಸಂಗವೇ ಇಲ್ಲ. ಕೃತಿಯನ್ನು ಓದುವವರು ಸಾಮಾನ್ಯವಾಗಿ ವರ್ಗಪರಂಪರೆಯನ್ನು ಹೊಗಳಿ ಇದನ್ನು ದಾಟಿಹೋಗುತ್ತಾರೆ. ಆದರೆ ಅದೇ ಕೃತಿಯ ಕುಂದೂ ಇಲ್ಲಿಯೇ ಇರುವುದು. ಸಂಗ್ರಹವು ತುಂಬಿದಾಗ ಹೊಸ ಅಕ್ಷರವನ್ನು ಸದ್ದಿಲ್ಲದೆ ಚೆಲ್ಲಿಬಿಡುವುದು. ಚೆಲ್ಲಿತೆಂಬುದನ್ನು ತಿಳಿಯುವ ದಾರಿಯಿಲ್ಲ. ಸಾಫ್ಟ್‌ವೇರ್‌ಸೀರಿಯಲಿನಲ್ಲಾದರೋ ಓವರ್‌ಫ್ಲೋ ಎಂಬ ಕ್ರಿಯೆಯನ್ನು ಕೇಳಿದರೆ ಅದು ಒಪ್ಪಿಕೊಳ್ಳುವುದು. ಬಡವನ ಮನೆಯ ಪ್ರಾಮಾಣಿಕತೆ ಸಿರಿವಂತನ ಮನೆಯಲ್ಲಿಲ್ಲ.

ಈಗ ಎರಡೂ ಕೃತಿಗಳು ಒಂದೇ ಊನೋವಿನಲ್ಲಿ ಕೂಡಿಬಂದವೆಂದು ಇಟ್ಟುಕೊಳ್ಳಬಹುದು. ಹಾಗೆ ಕೂಡಿಸುವುದು ಅತಿಸಾಮಾನ್ಯ. ಕಂಪ್ಯೂಟರಿನಿಂದ ಹಾರ್ಡ್‌ವೇರ್‌ಸೀರಿಯಲಿಗೆ ಸೆಕೆಂಡಿಗೆ ೧,೧೫,೨೦೦ ಬಿಟ್‌ಗಳ ವೇಗದಲ್ಲಿ ಅಕ್ಷರಗಳು ಬರುತ್ತಿವೆ. ಸಾಫ್ಟ್‌ವೇರ್‌ಸೀರಿಯಲು ಬೇರೊಂದು ಉಪಕರಣಕ್ಕೆ ೯೬೦೦ರ ವೇಗದಲ್ಲಿ ಅಕ್ಷರವನ್ನು ಕಳುಹಿಸುತ್ತಿದೆ. ಇವೆರಡಕ್ಕೂ ಸಮಾನವಾದ ದತ್ತವಿಲ್ಲ, ಹೆಸರಿಲ್ಲ, ಸಂಗ್ರಹವಿಲ್ಲ. ನಾಮವ್ಯವಸ್ಥೆಯ ದೃಷ್ಟಿಯಿಂದ ಇವು ಪರಸ್ಪರ ಅಪರಿಚಿತರು. ಆದರೆ ಸಾಫ್ಟ್‌ವೇರ್‌ಸೀರಿಯಲು ಬಿಟ್‌ಗಳ ಅಂತರವನ್ನು ತಪ್ಪದೆ ಎಣಿಸಬೇಕಾದುದರಿಂದ, ಆರಂಭದ ಬಿಟ್ಟಿನಿಂದ ಎಂಟನೆಯ ಬಿಟ್ಟಿನವರೆಗೆ ಇಂಟರಪ್ಟುಗಳನ್ನೆಲ್ಲ ಮುಚ್ಚಿಕೊಂಡು ಕೂರುವುದು. ಒಂಬತ್ತು ಬಿಟ್‌ಗಳಿಗೆ ಅದು ೦.೯೪ ಮಿಲಿಸೆಕೆಂಡು. ಅತ್ತ ೧,೧೫,೨೦೦ರ ವೇಗದಲ್ಲಿ ಒಂದು ಅಕ್ಷರಕ್ಕೆ ೮೭ ಮೈಕ್ರೋಸೆಕೆಂಡು ಸಾಕಾಗಿರುವುದರಿಂದ, ಅಷ್ಟರೊಳಗೆ ಹತ್ತು ಅಕ್ಷರಗಳು ಬಂದು ಬಾಗಿಲು ತಟ್ಟಬಹುದು. ಯುಎಸ್‌ಎಆರ್‌ಟಿಯು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಎರಡನ್ನೋ ಮೂರನ್ನೋ. ಉಳಿದುವು ೬೪ ಬೈಟುಗಳ ಸಂಗ್ರಹವನ್ನು ಮುಟ್ಟುವ ಮುನ್ನವೇ ನಷ್ಟ. ಹೀಗೆ ನಷ್ಟವಾಯಿತೆಂದು ಚಿಪ್ ಒಂದು ಚಿಹ್ನೆಯನ್ನು ಎತ್ತಿ ಹಿಡಿಯುವುದಾದರೂ ಹಾರ್ಡ್‌ವೇರ್‌ಸೀರಿಯಲು ಅತ್ತ ತಿರುಗಿ ನೋಡುವುದಿಲ್ಲ. ವೇಗವನ್ನು ೪೮೦೦ಕ್ಕೆ ಇಳಿಸಿದರೆ ಇಂಟರಪ್ಟುಗಳು ಮುಚ್ಚಿರುವ ಕಾಲವು ೧.೮೭೫ ಮಿಲಿಸೆಕೆಂಡಾಗುವುದು, ಆ ಅವಧಿಯಲ್ಲಿ ಕಾಲವನ್ನೆಣಿಸುವ ಇಂಟರಪ್ಟು ಎರಡು ಸಲ ಬಂದರೆ ಒಂದೇ ನೆನಪಿನಲ್ಲಿ ಉಳಿಯುವುದರಿಂದ ಮಿಲ್ಲಿಸಿನ ಗಡಿಯಾರವೂ
ಹಿಂದೆಬೀಳುವುದು. ನಿಧಾನವಾದರೆ ಕ್ಷೇಮವೆಂಬ ಲೋಕನ್ಯಾಯವು ಇಲ್ಲಿ ತಲೆಕೆಳಗಾಗಿದೆ.

ಕಾಲದ ವಿಷಯದಲ್ಲಿ ವರ್ಗವು ಯಾವ ಸಹಾಯವನ್ನೂ ಮಾಡದೆಂದು ಇದರಿಂದ ಸಿದ್ಧಿಸುವುದೆ? ಹಾಗೆ ಹೇಳಿದರೆ ಅತಿವ್ಯಾಪ್ತಿಯಾದೀತು. ಹುಟ್ಟುವಾಗ ಇಂಟರಪ್ಟುಗಳನ್ನು ಮುಚ್ಚಿ, ಅಳಿಯುವಾಗ ಹಿಂದಿದ್ದ ಸ್ಥಿತಿಗೆ ತರುವ ಕಿರುವರ್ಗವೊಂದನ್ನು ರಚಿಸಿದರೆ, ವ್ಯಕ್ತಿಯ ಆಯುಸ್ಸೇ ಮುಚ್ಚಿದ ಕಾಲದ ಅವಧಿಯಾಗಿ, ನಡುವಿನಲ್ಲಿ ಯಾವ ದಾರಿಯಿಂದ ಹೊರಬಿದ್ದರೂ ಬಾಗಿಲು ತೆರೆಯುವುದನ್ನು ಮರೆಯುವ ಭಯವಿಲ್ಲ. ಎವಿಆರ್ ಲಿಬ್‌ಸಿ ಎಂಬ ಮೂಲಸಂಚಯದಲ್ಲಿ ಅಟಾಮಿಕ್ ಬ್ಲಾಕ್ ಎಂಬ ಮ್ಯಾಕ್ರೋವು ವರ್ಗವಿಲ್ಲದೆಯೇ ಈ ಕೆಲಸವನ್ನು ಮಾಡಿಕೊಡುವುದು. ಇಲ್ಲಿ ವರ್ಗವು ವಸ್ತುವಿಗಲ್ಲದೆ ಕಾಲಖಂಡಕ್ಕೇ ಹೆಸರಾಗಿರುವುದರಿಂದ ಅದರ ಉಪಯೋಗವು ಯುಕ್ತವಾದುದು.

ಇನ್ನುಳಿದುದು ಕೋಷ್ಟಕದ ಒಡೆತನದ ಪ್ರಶ್ನೆ. ಕಾಲುಗಳ ಸ್ಥಿತಿ ಬದಲಾದುದನ್ನು ತಿಳಿಸುವ ಮೂರು ಸ್ಥಾನಗಳು ೩೨೮ಪಿಯಲ್ಲಿರುವುವು. ಸಾಫ್ಟ್‌ವೇರ್‌ಸೀರಿಯಲು ಒಂದೇ ಕಾಲನ್ನು ಕೇಳುವುದಾದರೂ ಮೂರನ್ನೂ ತನ್ನವೆಂದು ಬರೆದುಕೊಂಡಿದೆ. ಕೀಲಿಯ ಒತ್ತುವಿಕೆಯನ್ನೋ ಚಕ್ರದ ತಿರುಗುವಿಕೆಯನ್ನೋ ಗಮನಿಸುವ ಮತ್ತೊಂದು ಕೃತಿಯು ಆ ಮೂರರಲ್ಲೊಂದನ್ನು ಕೇಳಿದರೆ, ಒಂದು ಹೆಸರಿಗೆ ಎರಡು ವಿಧಿಗಳಾದುವೆಂದು ಲಿಂಕರು ಎರಡನ್ನೂ ಸೇರಿಸಲು ಒಪ್ಪುವುದಿಲ್ಲ. ಇದು ಕಣ್ಣಿಗೆ ಕಾಣುವ ದೋಷವಾದುದರಿಂದ ಸಹ್ಯವಾದುದು. ಸ್ಥಾನದ ಹೆಸರನ್ನು ಬರೆಯುವಲ್ಲಿ ಒಂದಕ್ಷರ ತಪ್ಪಿದರೆ ಆಗುವುದು ಇದಕ್ಕಿಂತ ವಿಷಮ. ಕಂಪೈಲರು ಎಚ್ಚರಿಕೆಯ ಮಾತೊಂದನ್ನು ಹೇಳಿ ಸುಮ್ಮನಾಗುವುದು; ಕ್ರಿಯೆಯು ಕೋಷ್ಟಕಕ್ಕೆ ಸೇರದೆ ಉಳಿಯುವುದು; ನಿಮಿತ್ತವು ಬಂದಾಗ ಸ್ಥಾನವು ಬರಿದಾಗಿರುವುದರಿಂದ ನಿಯಂತ್ರಣವು ಕೃತಿಯ ಆದಿಗೆ ಹಾರಿ ಎಲ್ಲವೂ ಮೊದಲಿಂದ ತೊಡಗುವುದು. ಅಂಥ ಯಂತ್ರವನ್ನು ಕಂಡವನು ವಿದ್ಯುತ್ತಿನ ದೋಷವೆಂದು ತಂತಿಗಳನ್ನು ಹುಡುಕುತ್ತ ಕುಳಿತರೆ ಆಶ್ಚರ್ಯವಿಲ್ಲ.

ಯಾವ ಸ್ಥಾನಗಳು ತನ್ನವು, ಅತಿಹೆಚ್ಚೆಂದರೆ ಎಷ್ಟು ಕಾಲ ಇಂಟರಪ್ಟುಗಳನ್ನು ಮುಚ್ಚುವೆನು ಎಂಬೆರಡನ್ನು ಪ್ರತಿಯೊಂದು ವರ್ಗವೂ ಶಿರೋಲೇಖದಲ್ಲಿಯೇ ಹೇಳಿಕೊಳ್ಳಬೇಕೆಂದು ಅಪೇಕ್ಷಿಸುವುದು ಅನ್ಯಾಯವಾಗಲಾರದು. ಸಾಫ್ಟ್‌ವೇರ್‌ಸೀರಿಯಲಿನ ಶಿರೋಲೇಖದಲ್ಲಿ ಕ್ರಿಯೆಗಳ ಹೆಸರುಗಳುಂಟು, ಅವು ಪಡೆಯುವ ಕೊಡುವ ದತ್ತಗಳ ಬಗೆಗಳುಂಟು, ಪೂರ್ವಕರ್ತೃಗಳ ನಾಮಾವಳಿಯೂ ಉಂಟು. ೧.೮೭೫ ಎಂಬ ಅಂಕಿಯನ್ನು ಮಾತ್ರ ಓದುವವನೇ ೯ನ್ನು ೪೮೦೦ರಿಂದ ಭಾಗಿಸಿ ಪಡೆದುಕೊಳ್ಳಬೇಕಾಗಿದೆ.